ಉಳಿದ ಎರಡು ಗ್ರಾಂ

ಜೂನ್ ೧೯, ಗುರುವಾರ

ಯಜಮಾನರು ತೀರಿಕೊಂಡು ಇಪ್ಪತ್ತಾರು ದಿನ. ಇಂದು ಮತ್ತೆ ಪಾಠ ಮಾಡಲು ಹೋದೆ. ಹತ್ತು ಗ್ರಾಂ ಹೈಡ್ರೋಜನ್, ಅರವತ್ತನಾಲ್ಕು ಗ್ರಾಂ ಆಕ್ಸಿಜನ್ ಸೇರಿ ನೀರಾದರೆ ಮೊದಲು ಮುಗಿಯುವುದು ಯಾವುದು? ಒಂದು ಗ್ರಾಂ ಹೈಡ್ರೋಜನ್‌ಗೆ ಎಂಟು ಗ್ರಾಂ ಆಕ್ಸಿಜನ್ ಬೇಕೆಂಬ ಲೆಕ್ಕ ಹಾಕದೆ, ತೂಕ ನೋಡಿಯೇ ‘ಹೈಡ್ರೋಜನ್’ ಎಂದು ಬೋರ್ಡಿನ ಮೇಲೆ ಬರೆದುಬಿಟ್ಟೆ. ಸಣ್ಣ ತಪ್ಪಿಗೂ ಮುಗಿಬೀಳುವ ಮಕ್ಕಳು ತುಟಿ ಪಿಟಕ್ಕೆನ್ನದೆ ಬರೆದುಕೊಂಡರು.

ಸಂಜೆ ಹಿಂದಿನ ಬೆಂಚಿನ ಬಾಯಿಬಡುಕಿ ಬಂದಳು.

“ಮುಗಿಯೋದು ಆಕ್ಸಿಜನ್, ಮಿಸ್. ನಿಮಗೆ ಹೇಳ್ಬಾರ್ದು ಅಂತ ಎಲ್ರೂ ಮಾತಾಡ್ಕೊಂಡಿದ್ರು.”

ನಾಚಿಕೆಯೂ ಆಗಲಿಲ್ಲ, ಅಳುವೂ ಬರಲಿಲ್ಲ. ಅಭ್ಯಾಸಬಲದಿಂದ ಕೇಳಿದೆ, “ಹೈಡ್ರೋಜನ್ ಎಷ್ಟು ಉಳಿಯುತ್ತೆ?”

“ಎರಡು ಗ್ರಾಂ.”

“ಉಳಿದು ಏನ್ಮಾಡುತ್ತೆ?”

“ಏನೂ ಮಾಡಲ್ಲ, ಮಿಸ್. ಸುಮ್ನೆ ಇರುತ್ತೆ.”

ಸರಿಯಾದ ಉತ್ತರ. ಮನೆಗೆ ಬಂದಾಗಿನಿಂದ ಚಪ್ಪಲಿಯನ್ನೂ ಬಿಚ್ಚದೆ ಕೂತಿದ್ದೇನೆ.