ಮೂರು ನಟ್ಟುಗಳು

ಶಿರಸಿ, ೧೧-೧-೧೯೬೪

ದಾದಾಸಾಬ ಕಾಕಾರಿಗೆ ನಮಸ್ಕಾರ.

ಲಾರಿ ಚಾಲೂ ಮಾಡಬೇಡಿ. ಹಿಂದಿನ ಎಡಚಕ್ರದ ಮೂರು ನಟ್ಟು ಬಿಚ್ಚಿದವನು ನಾನೇ. ಈ ಕಾಗದದಲ್ಲಿ ಸುತ್ತಿಟ್ಟಿದ್ದೇನೆ.

ಕಬಡ್ಡಿ ಗೆದ್ದವರು ಲಾರಿ ಹತ್ತಿ, ಸೋತ ಕಾಲೇಜಿನ ಮುಂದೆ ಕೂಗುತ್ತ ಮೆರವಣಿಗೆ ಹೋಗುವುದು ನಿಮಗೆ ಗೊತ್ತು. ಇವತ್ತು ನಮ್ಮನ್ನು ಸೋಲಿಸಿದ ಘಟ್ಟದ ಕೆಳಗಿನವರು ಬಾಡಿಗೆಗೆ ಹಿಡಿದ ಲಾರಿ ಪೇಟೆಯಲ್ಲೇ ಕೆಟ್ಟು ನಿಲ್ಲಲಿ ಎಂದುಕೊಂಡಿದ್ದೆ. ಈಗ ಅವರ ಕ್ಯಾಪ್ಟನ್, “ಇವರ ಹುಡುಗನ ಕಾಲು ಮುರಿದದೆ, ಮೆರವಣಿಗೆ ಬ್ಯಾಡ. ಸೀದಾ ಘಟ್ಟ ಇಳಿವ” ಎಂದನಂತೆ.

ಬಿಚ್ಚುವಾಗ ಅವರ ಬನಿಯನ್ನಿನ ಬಣ್ಣವೊಂದೇ ಕಣ್ಣಲ್ಲಿತ್ತು. ಲಾರಿ ನಡೆಸುವವರು ನೀವೆಂಬುದು ನೆನಪಾಗಲಿಲ್ಲ.

ನಟ್ಟು ನೀವೇ ಹಾಕಿ. ನಾನು ಬಿಗಿದದ್ದನ್ನು ನಂಬಬೇಡಿ. ಬಾಯಿಬಿಟ್ಟು ಹೇಳಲಾರೆ, ಅದಕ್ಕೇ ಬರೆದೆ. ನೀವು ನಮಾಜು ಮುಗಿಸಿ ಬಂದು ಇದನ್ನು ಓದುವವರೆಗೂ ಚಕ್ರದ ಮುಂದೆ ಕೂತಿರುತ್ತೇನೆ.

ಬನವಾಸಿಯಿಂದ ದಿನಾ ನೀವು ಕಾಲೇಜಿಗೆ ಹತ್ತಿಸಿಕೊಂಡು ಬರುವ,
ಮಧುಕೇಶ್ವರ