ತೂತು ಅವನದು, ಕೊಯ್ತ ಯಾರದು?

ಗಾಯದ ಪ್ರಮಾಣಪತ್ರಕ್ಕೆ ಸಹಿ ಹಾಕುವ ವೈದ್ಯಾಧಿಕಾರಿಗಳೇ,

ನನ್ನ ಗಂಡ ಕೋದಂಡಪ್ಪನವರ ಹೊಟ್ಟೆಗೆ ಆದದ್ದು 'ಸಾದಾ ಸ್ವರೂಪದ ಗಾಯ' ಎಂದು ತಾವು ಬರೆದುಕೊಟ್ಟಿದ್ದೀರಿ. ತಮ್ಮ ಅಳತೆಪಟ್ಟಿಯ ಬಗ್ಗೆ ನನಗೆ ಅನುಮಾನವಿಲ್ಲ. ತೂತು ಹೆಸರುಕಾಳಿನಷ್ಟೇ ಇತ್ತು. ಅದು ಕರುಳಿನವರೆಗೂ ಹೋಗಿತ್ತೆಂದು ನೋಡಲು ಮಾತ್ರ ತಮಗೆ ಪುರುಸೊತ್ತಾಗಲಿಲ್ಲ.

ನಾವು ಕಾಮಸಮುದ್ರದ ಕಡೆಯವರು, ಹಸು ಕಟ್ಟಿಕೊಂಡು ಬದುಕುವವರು. ನೀರಿನ ಪೈಪು ಯಾರ ಬದುವಿನ ಮೇಲೆ ಹೋಗಬೇಕೆಂಬ ಜಗಳದಲ್ಲಿ ಪಕ್ಕದ ಹೊಲದ ಮುನಿರಾಜ್, ಬೂಸಾ ಚೀಲ ಹೊಲಿಯುವ ಡಬ್ಬಣದಿಂದ ಇವರಿಗೆ ಚುಚ್ಚಿದ. ರಕ್ತ ಹೆಚ್ಚು ಬರಲಿಲ್ಲ. "ಸೂಜಿ ಚುಚ್ಕೊಂಡಂಗೈತೆ, ಬುಡು" ಎಂದು ಇವರು ಅರಿಶಿನ ಮೆತ್ತಿಕೊಂಡು ಹಾಲು ಕರೆಯಲು ಕೂತರು. ಮಾರನೆಯ ದಿನ ಹೊಟ್ಟೆ ಹಲಗೆಯಂತಾಗಿ ಜ್ವರ ಏರಿತು. ತಮ್ಮ ಬಳಿಗೇ ಕರೆತಂದೆವು. ತಾವೇ ಗಾಬರಿಯಾಗಿ ಆಂಬುಲೆನ್ಸ್ ಕರೆಸಿ ಕೋಲಾರಕ್ಕೆ ಕಳಿಸಿದಿರಿ. ಸಾದಾ ಗಾಯಕ್ಕೆ ಆಂಬುಲೆನ್ಸ್ ಏಕೆ ಬೇಕಾಯಿತು ಸ್ವಾಮಿ?

ಅಲ್ಲಿನ ಸರ್ಜನರು ಎದೆಗೂಡಿನ ಕೆಳಗಿನಿಂದ ಹೊಕ್ಕುಳ ದಾಟುವವರೆಗೆ ಕೊಯ್ದು, ಕರುಳು ಹೊಲಿದು, ಪ್ರಾಣ ಉಳಿಸಿದರು. ಅವರ ಕೈಗೆ ನಮಸ್ಕಾರ. ಆ ಹೊಲಿಗೆ ಕೀವಾಗಿ ಬಿಚ್ಚಿಕೊಂಡು, ಒಳಗಿನಿಂದ ನಿಧಾನವಾಗಿ ಮಾಯಿತು. ಈಗ ಕೆಮ್ಮಿದರೆ ಹೊಟ್ಟೆ ಉಬ್ಬಿ ಬರುತ್ತದೆ. ಬೆಲ್ಟು ಕಟ್ಟದೆ ಏಳುವಂತಿಲ್ಲ, ಹುಲ್ಲಿನ ಹೊರೆ ನಾನೇ ಹೊರುತ್ತೇನೆ.

ಇದನ್ನೆಲ್ಲ ಹೇಳಿದಾಗ ತಾವು ಅಂದಿರಿ: "ನೋಡಮ್ಮಾ, ಆ ಉದ್ದದ ಗಾಯ ಆಪರೇಷನ್ನಿಂದು. ಅದನ್ನ ಆರೋಪಿ ತಲೆಗೆ ಕಟ್ಟೋಕಾಗಲ್ಲ. ಅವನು ಮಾಡಿದ್ದು ಚಿಕ್ಕ ತೂತು, ಅದು ಮಾಯ್ದಿದೆ." ಅಂದರೆ, ಸರ್ಜನರು ದಾರಿಯಲ್ಲಿ ಹೋಗುತ್ತಿದ್ದ ನನ್ನ ಗಂಡನನ್ನು ಕರೆದು ಹೊತ್ತು ಕಳೆಯಲು ಹೊಟ್ಟೆ ಕೊಯ್ದರೇ? ಪ್ರಾಣಕ್ಕೆ ಅಪಾಯ ತಂದ ಗಾಯ ತೀವ್ರ ಸ್ವರೂಪದ್ದೆಂದು ಕಾನೂನೇ ಹೇಳುತ್ತದೆ. ಚರ್ಮದ ಮೇಲೆ ಎಷ್ಟು ಅಗಲವಿತ್ತೆಂದು ಅದು ಕೇಳುವುದಿಲ್ಲ.

ತಮ್ಮ ಮಾತು ಊರಿಗೂ ಮುಟ್ಟಿದೆ. ಡೇರಿಯ ಮುಂದೆ ಮುನಿರಾಜ್ ಎಲ್ಲರೆದುರು ಇವರನ್ನು ನೋಡಿ ನಗುತ್ತಾ, "ನಾನ್ ಚುಚ್ಚಿದ್ದು ಇಷ್ಟೇ ಇಷ್ಟು ಕಣಣ್ಣಾ. ಒಟ್ಟೆ ಕುಯ್ದಿದ್ದು ಡಾಕ್ಟ್ರು. ಓಗಿ ಅವ್ರ ಮ್ಯಾಲೆ ಕೇಸಾಕು" ಅಂದ. ಇವರು ಬೆಲ್ಟು ಬಿಗಿದುಕೊಂಡು ಹಾಲಿನ ಕ್ಯಾನು ನನ್ನ ಕೈಗೆ ಕೊಟ್ಟರು. ನನಗೆ ಮೈ ಉರಿದುಹೋಯಿತು.

ತಾವು 'ಸಾದಾ' ಎಂದು ಬರೆದರೆ ಮುನಿರಾಜ್ ಮೇಲಿನ ಕೇಸೂ ಸಾದಾ ಆಗಿಬಿಡುತ್ತದೆ. ದೋಷಾರೋಪ ಪಟ್ಟಿ ಇನ್ನೂ ನ್ಯಾಯಾಲಯಕ್ಕೆ ಹೋಗಿಲ್ಲ. ಅಷ್ಟರೊಳಗೆ ಕೋಲಾರದ ದಾಖಲೆ ತರಿಸಿ ಓದಿ, ತಮ್ಮ ಅಭಿಪ್ರಾಯ ತಿದ್ದಿ ಪೊಲೀಸರಿಗೆ ಕಳಿಸಿ. ತಿದ್ದುವುದಿಲ್ಲವೆಂದರೆ ಇದೊಂದಕ್ಕೆ ಉತ್ತರ ಕೊಡಿ. ಅಂದು ಯಾರೂ ಹೊಟ್ಟೆ ಕೊಯ್ಯದಿದ್ದರೆ ಇವರು ಸಾಯುತ್ತಿದ್ದರು. ಆಗಲೂ ಹೆಣದ ಮೇಲೆ ಇರುತ್ತಿದ್ದುದು ಹೆಸರುಕಾಳಿನಷ್ಟು ತೂತೇ. ಅದನ್ನೂ ಸಾದಾ ಎಂದೇ ಬರೆಯುತ್ತಿದ್ದಿರಾ?

ಇಂತಿ,
ಗಂಡನನ್ನು ಉಳಿಸಿಕೊಂಡಿದ್ದಕ್ಕೆ ಕೇಸು ಕಳೆದುಕೊಳ್ಳುತ್ತಿರುವ
ಸುಕನ್ಯ
ಕಾಮಸಮುದ್ರ ಹೋಬಳಿ, ಬಂಗಾರಪೇಟೆ ತಾಲ್ಲೂಕು