ಕೆರೆಗೆ ಹಾಕಿದ ಸೊನ್ನೆ

ಮಾರ್ಚ್ ೧೨, ಮಂಗಳವಾರ

ಊರಿಗೆ ಕೆರೆಯ ಬೆಲೆ ಎಷ್ಟೆಂದು ಲೆಕ್ಕ ಹಾಕುವ ಸಂಶೋಧನಾ ಪ್ರಬಂಧಕ್ಕಾಗಿ, ಅದನ್ನು ಉಳಿಸಲು ಎಷ್ಟು ಕೊಡುತ್ತೀರಿ ಎಂದು ಹಿಂದೆ ಮನೆಮನೆಗೆ ಹೋಗಿ ಕೇಳಿದ್ದೆ. ಕೊಡುವುದಿಲ್ಲ ಎಂದವರ ಪಾಲಿಗೆಲ್ಲ ಕೆರೆಯ ಬೆಲೆ ಸೊನ್ನೆ ಎಂದು ಹಾಕಿದೆ. ಯಾಕೆ ಎಂದು ಕೇಳಬೇಕಿತ್ತು, ಅವಸರದಲ್ಲಿ ಬಿಟ್ಟೆ. ಆ ಪ್ರಬಂಧದಿಂದಲೇ ಪ್ರೊಫೆಸರ್ ಆದೆ. ಜನರಿಗೇ ಬೇಡದ ಕೆರೆ ಎಂದು ಆ ಪ್ರಬಂಧವನ್ನೇ ತೋರಿಸಿ ಸರ್ಕಾರದವರು ಈಗ ಕೆರೆ ಮುಚ್ಚಲು ಹೊರಟಿದ್ದಾರೆ.

ಅಂದು ಕೊಡುವುದಿಲ್ಲ ಎಂದಿದ್ದ, ದಂಡೆಯಲ್ಲಿ ಬಟ್ಟೆ ಒಗೆಯುವ ಅಜ್ಜಿ ಇವತ್ತು ನನ್ನನ್ನು ತರಾಟೆಗೆ ತೆಗೆದುಕೊಂಡಳು. “ಕೆರೆ ಏನು ನಿಮ್ಮಪ್ಪಂದೇನಮ್ಮಾ, ನಿಂಗೆ ದುಡ್ಡು ಕೊಡೋಕೆ? ಕೊಡಲ್ಲ ಅಂದ್ರೆ ಬೇಡ ಅಂತಾನಾ? ಇಷ್ಟು ಓದಿ ಇದೇನಾ ಕಲ್ತಿದ್ದು?”

ಪ್ರಬಂಧ ಅಚ್ಚಾದ ಪತ್ರಿಕೆಗೆ ತಪ್ಪೊಪ್ಪಿ ಬರೆಯಬೇಕು. ದೇವರ ಮುಂದೆ ಕೂತು, ಹುದ್ದೆಗೆ ಕುತ್ತು ಬಾರದ ಹಾಗೆ ನಿಜ ಹೇಳುವ ದಾರಿ ತೋರಿಸಪ್ಪಾ ಎಂದು ಬೇಡಿಕೊಂಡೆ. ಹಾಗೆ ಬೇಡಿದ್ದಕ್ಕೆ ನಾಚಿಕೆಯಾಗಿ ಎದ್ದುಬಂದೆ. ‘ಮಾನ್ಯ ಸಂಪಾದಕರೇ, ನನ್ನ ಲೆಕ್ಕ ತಪ್ಪು’ ಎಂದಿಷ್ಟು ಬರೆದಿದ್ದೇನೆ. ಕೆಳಗೆ ಸಹಿ ಮಾತ್ರ ಇನ್ನೂ ಹಾಕಿಲ್ಲ.